ತನ್ನ ಹೆಸರನ್ನು ತಾನೇ ಕೂಗಿದವನು

ವಾಷಿಂಗ್ಟನ್
14 ಡಿಸೆಂಬರ್ 1843

ಪ್ರೀತಿಯ ಎಜ್ರಾ,

ಬಂದು ಸೇರಿದೆ. ಉಗಿದೋಣಿ, ಕೋಚುಗಾಡಿ, ರೈಲು, ಮತ್ತೆ ಕೋಚುಗಾಡಿ. ಇಲಿನಾಯ್‌ನಿಂದ ಇಲ್ಲಿಗೆ ಬರುವಷ್ಟರಲ್ಲಿ ಮನುಷ್ಯನ ದೇಶಸೇವೆಯ ಹುಮ್ಮಸ್ಸು ಅರ್ಧ ಇಳಿದಿರುತ್ತದೆ. ಉಳಿದ ಅರ್ಧವನ್ನು ಶ್ರೀಮತಿ ಪೂಲ್ ಅವರ ವಸತಿಗೃಹದ ಹಾಸಿಗೆ ಇಳಿಸಿತು.

ಇಲ್ಲಿ ಕಾಂಗ್ರೆಸ್ ಸಭೆಯ ಎಂಟು ಸದಸ್ಯರು ಒಂದೇ ಮೇಜಿಗೆ ಕೂರುತ್ತೇವೆ. ಗ್ರೇವಿಯ ಬಟ್ಟಲು ಹಿರಿತನದ ಪ್ರಕಾರ ಮೇಜು ಸುತ್ತುತ್ತದೆ. ಹೊಸಬನಾದ ನನ್ನ ಹತ್ತಿರ ಬರುವಷ್ಟರಲ್ಲಿ ಅದು ತಣ್ಣಗಾಗಿ ಕೊಬ್ಬು ಕಟ್ಟಿರುತ್ತದೆ. ಬಿಸಿ ಗ್ರೇವಿ ತಿನ್ನಬೇಕಾದರೆ ಇನ್ನು ಮೂರು ಚುನಾವಣೆ ಗೆಲ್ಲಬೇಕು ಎಂದು ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ಸಭೆಯಲ್ಲಿ ನನ್ನ ಕುರ್ಚಿ ಒಂದು ದಪ್ಪ ಕಂಬದ ಹಿಂದೆ ಇದೆ. ಯಾರ ಭಾಷಣವೂ ಕೇಳಿಸುವುದಿಲ್ಲವಾದ್ದರಿಂದ ಎಲ್ಲ ಭಾಷಣಗಳೂ ಚೆನ್ನಾಗಿವೆ.

ಸಭಾಧ್ಯಕ್ಷನನ್ನು ಆರಿಸುವಾಗ ಇಲ್ಲಿಯೂ ನಮ್ಮೂರಿನ ಓಟಿನ ಹಾಗೆಯೇ ಎದ್ದು ನಿಂತು ಹೆಸರು ಕೂಗಬೇಕು ಕಣೋ. ಗುಮಾಸ್ತ ನನ್ನನ್ನು ಕರೆದಾಗ ಗಂಟಲು ಕಟ್ಟಿ ಕೋಳಿಮರಿಯ ದನಿ ಹೊರಟಿತು. ಆರಿನ್ ಹಾಲ್ಕಮ್‌ನ ಗಂಟಲು ಕಟ್ಟಿದ್ದು ಇದೇ ಮೊದಲು. ಯಾರಿಗೂ ಹೇಳಬೇಡ.

ಸುತ್ತು ಕೋರ್ಟು ಹೇಗೆ ನಡೆದಿದೆ? ಜಡ್ಜ್ ಥ್ರಾಪ್ ಹಿಂದೆ ಕುದುರೆ ಹತ್ತಿ ಊರೂರು ಅಲೆಯುವಾಗ ತಂಗುಮನೆಯ ಹಾಸಿಗೆಯಲ್ಲಿ ನನ್ನ ಜಾಗಕ್ಕೆ ಈಗ ಯಾರು? ನಿನ್ನ ಹೆಂಡತಿಗೆ ಹೇಳು, ಕೆಜಾಯಾಳ ಸೇಬಿನ ಮುರಬ್ಬಕ್ಕೆ ಸಾಟಿಯಾದದ್ದು ಈ ರಾಜಧಾನಿಯಲ್ಲಿ ಇಲ್ಲ.

ನಿನ್ನ
ಆರಿನ್


ಪೆಂಬರ್ಟನ್
9 ಜನವರಿ 1844

ಪ್ರೀತಿಯ ಆರಿನ್,

ನಿನ್ನ ಕಾಗದ ಬಂತು. ಬಂತು ಅನ್ನುವುದಕ್ಕಿಂತ ಮೆರವಣಿಗೆ ಹೊರಟಿತು ಅನ್ನಬೇಕು. ಅಂಚೆಯವನು ಅದನ್ನು ತಲೆಯ ಮೇಲೆತ್ತಿ ಹಿಡಿದು "ವಾಷಿಂಗ್ಟನ್ನಿಂದ! ಹಾಲ್ಕಮ್ ಸಾಹೇಬ್ರದು!" ಎಂದು ಕೂಗಿದ. ಅಂಗಡಿಯಲ್ಲಿ ಒಲೆಯ ಸುತ್ತ ಮೈ ಕಾಯಿಸಿಕೊಳ್ಳುತ್ತಿದ್ದವರೆಲ್ಲ ಓದಲೇಬೇಕೆಂದು ಕೂತರು. ಓದಿದೆ. ಗ್ರೇವಿಯ ಹತ್ತಿರ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದರೆ ಕೆಜಾಯಾ ಕಸಿದುಕೊಂಡು ಎರಡು ಸಲ ಓದಿ ಎರಡು ಸಲವೂ ನಕ್ಕಳು.

ನಾನು ಕೋರ್ಟಿನ ಊರುಗಳಿಂದ ಬರೆಯುವ ಕಾಗದಗಳಿಗೆ ಅವಳು ಒಂದು ದಿನವೂ ನಕ್ಕಿಲ್ಲ. ಕೇಳಿದರೆ, "ನಿಮ್ಮ ಕಾಗ್ದ ನೋಟೀಸ್ ಇದ್ದ ಹಾಗಿರುತ್ತೆ ಕಣ್ರೀ. ಬಂದ್ರೆ, ಮನೆ ಜಪ್ತಿಗೆ ಬಂತೇನೋ ಅಂತ ಎದೆ ಹೊಡ್ಕೊಳ್ಳುತ್ತೆ" ಎನ್ನುತ್ತಾಳೆ.

ನಿನ್ನ ಹತ್ತಿರ ಮುಚ್ಚುವುದೇನಿದೆ? ನನಗೆ ಹೊಟ್ಟೆಕಿಚ್ಚು ಆರಿನ್. ಒಂದೇ ಆಫೀಸಿನಲ್ಲಿ ಕಾನೂನು ಓದಿದೆವು. ಪುಸ್ತಕದ ಧೂಳು ತಿಂದವನು ನಾನು, ಕಥೆ ಹೇಳಿದವನು ನೀನು. ಕೋರ್ಟಿನಲ್ಲಿ ಕಾಯ್ದೆ ಹುಡುಕಿ ಕೊಡುತ್ತಿದ್ದವನು ನಾನು, ಜ್ಯೂರಿಯವರ ಮೊಣಕಾಲಿನ ಮೇಲೆ ಕೈಯಿಟ್ಟು ಮಾತಾಡಿ ಕೇಸು ಗೆಲ್ಲುತ್ತಿದ್ದವನು ನೀನು. ಕಕ್ಷಿಗಾರ ಹೊರಗೆ ಬಂದು ನಿನ್ನ ಕೈ ಕುಲುಕಿ, ನನ್ನ ಕೈಗೆ ಕುದುರೆಯ ಲಗಾಮು ಕೊಡುತ್ತಿದ್ದ.

ಮಿಲ್ ಕ್ರೀಕ್‌ನ ತಂಗುಮನೆಯಲ್ಲಿ ಒಂದೇ ಕಂಬಳಿಯಡಿ ಮಲಗಿ ಆಡಿಕೊಂಡ ಮಾತು ನೆನಪಿದೆಯಲ್ಲ: ಕಾಂಗ್ರೆಸ್ಸಿಗೆ ಒಂದು ಅವಧಿ ನೀನು, ಮುಂದಿನದು ನಾನು. ಮೊದಲು ನೀನೇ ಹೋಗು ಎಂದವನೂ ನಾನೇ. ಬೇರೆಯವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಹೇಳಿದೆ. ಈಗ ಆಗಸ್ಟಿನ ಚುನಾವಣೆ ದೂರವಿಲ್ಲ. ದರ್ಜಿ ಹಿಬ್ಸ್‌ನ ಹತ್ತಿರ ಒಳ್ಳೆಯ ಕಪ್ಪು ಬನಾತು ಬಂದಿತ್ತು, ಒಂದು ಕೋಟು ಹೊಲಿಸಿದ್ದೇನೆ. ವಾಷಿಂಗ್ಟನ್ನಿಗೆ ಎಂದು ಯಾರಿಗೂ ಹೇಳಿಲ್ಲ. ಊರಿಗೆಲ್ಲ ಗೊತ್ತು.

ಹಾಸಿಗೆಯಲ್ಲಿ ನಿನ್ನ ಜಾಗಕ್ಕೆ ದಢೂತಿ ವಕೀಲ ಡಾಬ್ಸ್ ಬಂದಿದ್ದಾನೆ. ಅವನು ಮಗ್ಗುಲಾದರೆ ನಾನು ನೆಲದ ಮೇಲಿರುತ್ತೇನೆ.

ಎಜ್ರಾ


ವಾಷಿಂಗ್ಟನ್
20 ಫೆಬ್ರವರಿ 1844

ಪ್ರೀತಿಯ ಎಜ್ರಾ,

ಭಾಷಣ ಮಾಡಿದೆ! ನಮ್ಮ ನದಿಯ ಹೂಳೆತ್ತುವ ವಿಷಯ. ಕಂಬದ ಹಿಂದಿನಿಂದ ಮೂರು ಹೆಜ್ಜೆ ಮುಂದೆ ಬಂದು ನಿಂತು ಗುಡುಗಿದೆ. ಕಾಗದ ಓದುತ್ತಿದ್ದ ಕೆಲವರು ತಲೆಯೆತ್ತಿದರು. ಇಲ್ಲಿ ಅದನ್ನೇ ಚಪ್ಪಾಳೆ ಎಂದು ತಿಳಿಯಬೇಕಂತೆ. ಅಚ್ಚು ಹಾಕಿಸಿದ ಪ್ರತಿಗಳನ್ನು ಒಂದು ಕಟ್ಟು ಕಳಿಸಿದ್ದೇನೆ. ಅಂಗಡಿಯಲ್ಲಿ, ಕೋರ್ಟಿನಲ್ಲಿ, ಗಿರಣಿಯಲ್ಲಿ ಹಂಚಿಬಿಡು. ನಿನ್ನಷ್ಟು ಅಚ್ಚುಕಟ್ಟಾಗಿ ಈ ಕೆಲಸ ಮಾಡುವವರು ಯಾರಿದ್ದಾರೆ?

ಸರ್ಕಾರದವರು ಸದಸ್ಯರಿಗೆಲ್ಲ ತರಕಾರಿ ಬೀಜ ಕೊಡುತ್ತಾರೆ, ಊರಿಗೆ ಕಳಿಸಿ ಹೆಸರು ಮಾಡಿಕೊಳ್ಳಲಿ ಎಂದು. ಕೆಜಾಯಾಗೆ ಬೀಟ್‌ರೂಟ್ ಬೀಜ ಕಳಿಸಿದ್ದೇನೆ. ಮಣ್ಣು ಚೆನ್ನಾಗಿ ಸಡಿಲಿಸಿ, ಬಿತ್ತುವ ಮುಂಚೆ ಬೀಜವನ್ನು ನೀರಿನಲ್ಲಿ ನೆನೆಸಲು ಹೇಳು. ಒತ್ತಾಗಿ ಬಿತ್ತಿದರೆ ಗಡ್ಡೆ ಕಟ್ಟುವುದಿಲ್ಲ. ಎಳೆಯ ಎಲೆಯನ್ನು ಬೆಣ್ಣೆಯಲ್ಲಿ ಬಾಡಿಸಿ ತಿನ್ನಬಹುದು.

ಇಲ್ಲಿ ಚಳಿ ಕಡಿಮೆ, ನೃತ್ಯಕೂಟಗಳು ಜಾಸ್ತಿ. ನಾನು ಒಂದಕ್ಕೆ ಹೋಗಿ ಬಂದೆ.

ಕೋಟಿನ ವಿಷಯ: ಇಲ್ಲಿ ಈಗ ಎಲ್ಲರೂ ನೀಲಿ ಕೋಟು, ಹಿತ್ತಾಳೆ ಗುಂಡಿ. ಕಪ್ಪು ಹಾಕುವವರು ಪಾದ್ರಿಗಳು ಮತ್ತು ಶವಪೆಟ್ಟಿಗೆಯ ವ್ಯಾಪಾರದವರು. ತಮಾಷೆಗೆ ಹೇಳಿದೆ.

ಆರಿನ್


ಪೆಂಬರ್ಟನ್
30 ಮಾರ್ಚ್ 1844

ಆರಿನ್,

ನಿನ್ನ ಭಾಷಣ ಹಂಚಿದೆ. ಗಿರಣಿಯವನು ಮೂರು ಪ್ರತಿ ಕೇಳಿದ.

ನಿನ್ನೆ ಕೋರ್ಟು ಮುಗಿದ ಮೇಲೆ ಊಟದ ಮೇಜಿನಲ್ಲಿ, ಎಲ್ಲ ವಕೀಲರ ಎದುರಿಗೆ, ಜಡ್ಜ್ ಥ್ರಾಪ್ ನನ್ನನ್ನು ಕರೆದ.

"ಏನಯ್ಯಾ ಪೆಟಿಬೋನ್, ಕೋಟು ಹೊಲಿಸ್ಕೊಂಡ್ಯಂತೆ?"

"ಹೌದು ಸ್ವಾಮಿ."

"ಪೆಟ್ಟಿಗೇಲಿಟ್ಟು ಕರ್ಪೂರ ಹಾಕು. ಎರಡ್ ವರ್ಷ ಇಡ್ಬೇಕಲ್ಲ, ನುಸಿ ಬಿದ್ದೀತು. ಆರಿನ್ನು ಇನ್ನೊಂದ್ಸಲ ನಿಲ್ತಾನಂತಲ್ಲ? ಪಕ್ಷದೋರಿಗೆ ಬರೆದಿದಾನೆ. ನಿಂಗೆ ಬರೀಲಿಲ್ವಾ?"

"ಬರೆದಿದಾನೆ ಸ್ವಾಮಿ, ನಂಗೂ ಬರೆದಿದಾನೆ" ಎಂದೆ. ಡಾಬ್ಸ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡ. ಅವನ ಭುಜ ಕುಣಿಯುತ್ತಿತ್ತು.

ನಿನ್ನ ಕಾಗದವನ್ನು ಮತ್ತೆ ತೆಗೆದು ಹಿಂದುಮುಂದು ಓದಿದೆ. ಬೀಟ್‌ರೂಟಿಗೆ ಅರ್ಧ ಪುಟ ಕೊಟ್ಟಿದ್ದೀಯೆ. ನನ್ನ ಸರದಿಗೆ ಒಂದು ಸಾಲೂ ಇಲ್ಲ. ನಾನು ವಕೀಲ, ಹೇಳದೆ ಬಿಟ್ಟದ್ದು ಎಲ್ಲಿದೆ ಎಂದು ನನಗೆ ಕಾಣುತ್ತದೆ.

ನಿನಗೆ ಮನೆಯ ಜಂಜಾಟವಿಲ್ಲ, ಊರು ತುಂಬ ಗೆಳೆಯರು, ಈಗ ನೃತ್ಯಕೂಟ ಬೇರೆ. ನನ್ನ ಬಾಳಿನಲ್ಲಿ ನನಗೇ ಅಂತ ನಾನು ಕೇಳಿದ್ದು ಒಂದೇ ಒಂದು. ಅದಕ್ಕೂ ಕೈ ಹಾಕಿದೆಯಾ? ಸುತ್ತಿ ಬಳಸಿ ಬರೆಯಬೇಡ. ನಿಲ್ಲುತ್ತೀಯೋ ಇಲ್ಲವೋ ಹೇಳು.

ಎಜ್ರಾ


ವಾಷಿಂಗ್ಟನ್
2 ಮೇ 1844

ಎಜ್ರಾ,

ನಿಲ್ಲುತ್ತೇನೆ.

ಮಾತು ಕೊಟ್ಟಿದ್ದೆ, ಅದೂ ನಿಜ. ನಿನಗೆ ಮೊದಲು ಬರೆಯಬೇಕಿತ್ತು. ಬರೆಯಲು ಕೂತಾಗೆಲ್ಲ ಬೀಟ್‌ರೂಟಿನ ವಿಷಯ ಬರೆದೆ. ಲೂಸಿಯಂಥ ಹೆಂಡತಿ ತೀರಿಕೊಂಡ ಮೇಲೆ ನನ್ನೂರು ಹಾರ್ಟ್ಸ್ ಫೋರ್ಡ್‌ನಲ್ಲಿ ನನಗೇನಿದೆ ಎಂದು ಶುರುಮಾಡಿದರೆ ಅದು ಜ್ಯೂರಿಯ ಮುಂದೆ ಆಡುವ ಮಾತಾಗುತ್ತದೆ, ಆದ್ದರಿಂದ ಬೇಡ. ನನಗೆ ಇನ್ನೊಂದು ಅವಧಿ ಬೇಕು, ಅಷ್ಟೇ.

ಎದುರು ಪಕ್ಷದವರು ಈ ಸಲ ಯಾರನ್ನೂ ನಿಲ್ಲಿಸುವುದಿಲ್ಲವಂತೆ. ನಾವಿಬ್ಬರು ಕಚ್ಚಾಡುವುದನ್ನು ನೋಡಿದರೆ ಅವರಿಗೆ ಹೊಟ್ಟೆ ತುಂಬುತ್ತದಂತೆ. ಕಚ್ಚಾಡುವುದು ಬೇಡ ಎಜ್ರಾ. ಇಬ್ಬರೂ ನಿಲ್ಲೋಣ. ವಾಡಿಕೆಯಂತೆ ಒಂದೇ ಗಾಡಿಯಲ್ಲಿ ಊರೂರು ಹೋಗಿ ಒಂದೇ ಕಟ್ಟೆಯ ಮೇಲೆ ನಿಂತು ಮಾತಾಡೋಣ, ಜನ ಯಾರನ್ನು ಬೇಕಾದರೂ ಆರಿಸಲಿ. ಓಟಿನ ದಿನ ಮರ್ಯಾದಸ್ಥರು ಮಾಡುವ ಹಾಗೆ ನೀನು ನಿನ್ನೂರಲ್ಲಿ ನನ್ನ ಹೆಸರು ಕೂಗು, ನಾನು ನನ್ನೂರಲ್ಲಿ ನಿನ್ನ ಹೆಸರು ಕೂಗುತ್ತೇನೆ.

ಆರಿನ್


ಪೆಂಬರ್ಟನ್
28 ಮೇ 1844

ಮಾನ್ಯ ಆರಿನ್ ಹಾಲ್ಕಮ್ ಅವರಿಗೆ,

ತಮ್ಮ ಪತ್ರ ತಲುಪಿದೆ. ಗ್ರೇವಿಗಾಗಿ ಇನ್ನು ಮೂರು ಚುನಾವಣೆ ಗೆಲ್ಲಬೇಕೆಂದು ತಾವು ಡಿಸೆಂಬರಿನಲ್ಲೇ ಬರೆದಿದ್ದಿರಿ. ಊರೆಲ್ಲ ನಕ್ಕಿತು. ನಗುವ ಗದ್ದಲದಲ್ಲಿ ನನಗೆ ಅರ್ಥವಾಗಲಿಲ್ಲ.

ತಮ್ಮ ಸೂಚನೆಗೆ ಒಪ್ಪಿಗೆ ಇದೆ. ಗಾಡಿ ನನ್ನದು, ಕುದುರೆ ತಮ್ಮದು. ಮೊದಲು ಮಾತಾಡುವ ಅವಕಾಶ ಒಂದು ದಿನ ತಮಗೆ, ಒಂದು ದಿನ ನನಗೆ. ಈ ಸರದಿಯಾದರೂ ತಪ್ಪದಿರಲಿ. ತಂಗುಮನೆಗಳಲ್ಲಿ ಹಾಸಿಗೆ ಒಂದೇ ಸಿಗುವುದಾದರೆ ನಡುವೆ ಕುದುರೆಯ ತಡಿಚೀಲ ಇಡತಕ್ಕದ್ದು.

ಓಟಿನ ದಿನದ ವಾಡಿಕೆ ನನಗೆ ಯಾರೂ ಕಲಿಸಬೇಕಾಗಿಲ್ಲ.

ತಮ್ಮ ವಿಧೇಯ,
ಎ. ಪೆಟಿಬೋನ್, ವಕೀಲ

ಬೀಟ್‌ರೂಟ್ ಮೊಳಕೆ ಒಡೆದಿದೆ ಎಂದು ತಿಳಿಸುವಂತೆ ಶ್ರೀಮತಿ ಪೆಟಿಬೋನ್ ಹೇಳಿದ್ದಾರೆ.


ಹಾರ್ಟ್ಸ್ ಫೋರ್ಡ್
1 ಆಗಸ್ಟ್ 1844

ಎಜ್ರಾ,

ಒಂದು ತಿಂಗಳು ಒಂದೇ ಗಾಡಿಯಲ್ಲಿ ಕೂತೆವು. ನೀನು ನನ್ನೊಡನೆ ಆಡಿದ್ದನ್ನೆಲ್ಲ ಸೇರಿಸಿದರೆ ಈ ಪುಟ ತುಂಬುವುದಿಲ್ಲ. ಅದರಲ್ಲೂ ಹೆಚ್ಚಿನದು ಕುದುರೆಗೆ ಹೇಳಿದ್ದು.

ಕಟ್ಟೆಯ ಮೇಲೆ ಮಾತ್ರ ನೀನು ಈ ಸಲ ಬೇರೆಯವನೇ ಆಗಿದ್ದೆ. ಬ್ಯಾಂಕಿನ ವಿಷಯ ಅಷ್ಟು ತಿಳಿಯಾಗಿ ನಾನು ಯಾವತ್ತೂ ಹೇಳಲಾರೆ. ಹೊಗಳಿಕೆ ಎಂದು ತಿಳಿಯಬೇಡ, ಕೇಳುತ್ತಿದ್ದಾಗ ನನಗೆ ಬೆವರು ಬಂತು.

ನಿನ್ನ ಮನೆಯಲ್ಲಿ ಊಟಕ್ಕೆ ಕೂತಾಗ ಆದದ್ದಕ್ಕೆ ಬೇಸರವಿದೆ. ಕೆಜಾಯಾ ಮುರಬ್ಬ ಬಡಿಸಿದಳು, ಗ್ರೇವಿಯ ಕಥೆ ಮತ್ತೆ ಹೇಳಿ ಎಂದಳು, ಹೇಳಿದೆ. ನೀನು ತಟ್ಟೆ ಬಿಟ್ಟು ಎದ್ದು ಕುದುರೆಗೆ ಹುಲ್ಲು ಹಾಕಲು ಹೋದೆ. ಕುದುರೆಗೆ ಆಗಲೇ ಹುಲ್ಲು ಹಾಕಿಯಾಗಿತ್ತು. ನೀನು ಹೋದ ಮೇಲೆ ನಾನು ಮುರಬ್ಬ ತಿಂದು ಮುಗಿಸಿದೆ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಸೋಮವಾರ ನಾನು ಇಲ್ಲಿ ನಿನ್ನ ಹೆಸರು ಕೂಗುತ್ತೇನೆ, ನೀನು ಅಲ್ಲಿ ನನ್ನದು ಕೂಗು. ಅಷ್ಟಾದರೂ ಉಳಿಯಲಿ.

ಆರಿನ್


ಪೆಂಬರ್ಟನ್
10 ಆಗಸ್ಟ್ 1844

ಮಾನ್ಯ ಹಾಲ್ಕಮ್ ಅವರಿಗೆ,

ನಮ್ಮ ಕ್ಷೇತ್ರದ ನಾಲ್ಕೂ ಕೌಂಟಿಗಳ ಫಲಿತಾಂಶ ಬಂದಿದೆ. ಒಂದು ಓಟಿನಿಂದ ನಾನು ಗೆದ್ದಿದ್ದೇನೆ. ತಮಗೂ ಸುದ್ದಿ ಮುಟ್ಟಿರಬೇಕು.

ಬೇರೆಯವರ ಬಾಯಲ್ಲಿ ಬೆಳೆದು ಬರುವ ಮೊದಲು ಒಂದು ವಿಷಯ ನಾನೇ ಬರೆಯುತ್ತೇನೆ. ಸೋಮವಾರ ಬೆಳಗಿನಿಂದ ಕೋರ್ಟಿನ ಮೇಜಿನ ಹಿಂದೆ ಗುಮಾಸ್ತನ ಪಕ್ಕದಲ್ಲಿ ಕೂತಿದ್ದೆ. ಒಬ್ಬೊಬ್ಬನೂ ಬಂದು ಕೂಗುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ನನ್ನ ಹೆಸರು ಕೂಗಿದವನಿಗೆ ನಾನು ಎದ್ದು ತಲೆಬಾಗಿ "ಧನ್ಯವಾದ" ಎನ್ನಬೇಕು. ನನ್ನ ಕೈಯಲ್ಲಿ ವಿಲ್ ಬರೆಸಿಕೊಂಡವರು, ನಾನು ಜಮೀನಿನ ತಕರಾರು ಬಿಡಿಸಿಕೊಟ್ಟವರು, ನನ್ನ ಮುಖ ನೋಡಿಕೊಂಡೇ "ಆರಿನ್ ಹಾಲ್ಕಮ್!" ಎಂದು ಕೂಗಿ ಹೋದರು. ನನ್ನ ದರ್ಜಿ ಹಿಬ್ಸ್ ಕೂಡ ಕೂಗಿದ. ಕೋಟಿನ ಅಳತೆ ತೆಗೆದ ಕೈ ಅದು. ಪ್ರತಿ ಸಲ ಆ ಹೆಸರು ಕಿವಿಗೆ ಬಿದ್ದಾಗ ನನಗೆ ಜ್ಯೂರಿಯ ನಗು ಕೇಳಿತು, ಅಂಗಡಿಯ ನಗು ಕೇಳಿತು, ನನ್ನ ಮನೆಯ ಊಟದ ಮೇಜಿನ ನಗು ಕೇಳಿತು.

ಸಂಜೆ ಷೆರೀಫ್ ಬಂದು, "ಸ್ವಾಮಿ, ಬಾಗ್ಲು ಹಾಕೋ ಹೊತ್ತಾಯ್ತು. ನಿಮ್ದೊಂದು ಆಗ್ಲಿ" ಎಂದ. ತಮ್ಮ ಕಾಗದ ನನ್ನ ಜೇಬಿನಲ್ಲಿತ್ತು. ಬಲು ಒಳ್ಳೆಯ ಕಾಗದ. ಇಷ್ಟು ಒಳ್ಳೆಯ ಕಾಗದ ಬರೆಯುವವನು ತನ್ನ ಓಟನ್ನು ತನಗೇ ಇಟ್ಟುಕೊಂಡು ನನ್ನದನ್ನೂ ಪಡೆಯಲು ಬರೆದಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಎದ್ದು ನಿಂತು "ಎಜ್ರಾ ಪೆಟಿಬೋನ್" ಎಂದೆ.

ಗುಮಾಸ್ತ ಲೇಖನಿ ಎತ್ತಿದವನು ಎತ್ತಿಯೇ ಇದ್ದ. "ಯಾರು ಅಂದ್ರಿ ಸ್ವಾಮಿ?" ಎಂದು ಕೇಳಿದ. ಮತ್ತೊಮ್ಮೆ ಹೇಳಬೇಕಾಯಿತು. ಗೋಡೆಗೆ ಒರಗಿ ನಿಂತಿದ್ದ ಗಾಡಿಚಕ್ರದ ಬಡಗಿ ಮಗ್ಸ್ ಅಲ್ಲಿಂದಲೇ ಕೂಗಿದ: "ಈಗ ತಲೆ ಬಾಗ್ಸಿ ನಿಮ್ಗೆ ನೀವೇ ಧನ್ಯವಾದ ಹೇಳ್ಕೊಳ್ಳಿ ಸ್ವಾಮಿ! ಓಟ್ ಹಾಕಿದ್ ಪೆಟಿಬೋನ್ ಕಾಯ್ತಿದಾರೆ!"

ಕೋರ್ಟೆಲ್ಲ ನಕ್ಕಿತು. ನಾನು ನಗಿಸಿದ್ದು ಇದೇ ಮೊದಲು.

ತಾವೂ ಅಲ್ಲಿ ಇದನ್ನೇ ಮಾಡಿದ್ದೀರಿ ಎಂದು ನನಗೆ ಗೊತ್ತು. ನನ್ನದನ್ನು ಕೇಳಿಸಿಕೊಳ್ಳಲು ಜನ ಜಾಸ್ತಿ ಇದ್ದರು, ವ್ಯತ್ಯಾಸ ಅಷ್ಟೇ.

ಎ. ಪೆಟಿಬೋನ್


ಹಾರ್ಟ್ಸ್ ಫೋರ್ಡ್
18 ಆಗಸ್ಟ್ 1844

ಎಜ್ರಾ,

ಅಭಿನಂದನೆ.

ಶ್ರೀಮತಿ ಪೂಲ್ ಅವರ ಮನೆಯಲ್ಲಿ ಮೂಡಣ ದಿಕ್ಕಿನ ಕೋಣೆ ಕೇಳು, ಬೆಳಗಿನ ಬಿಸಿಲು ಬರುತ್ತದೆ. ಸಭೆಯಲ್ಲಿ ಕಂಬದ ಹಿಂದಿನ ಕುರ್ಚಿ ಬೇಡ. ಚಳಿಗೆ ದಪ್ಪ ಕಾಲುಚೀಲ ತೆಗೆದುಕೊಂಡು ಹೋಗು. ಕಪ್ಪು ಕೋಟಿನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳು, ಬಹಳ ಜನ ಹಾಕುತ್ತಾರೆ.

ಕೆಜಾಯಾಗೆ ನನ್ನ ನಮಸ್ಕಾರ.

ಆರಿನ್


ಹಾರ್ಟ್ಸ್ ಫೋರ್ಡ್
3 ಅಕ್ಟೋಬರ್ 1844

ಆರಿನ್,

ನಿನ್ನೂರಿನಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಕೋರ್ಟು ಇಲ್ಲಿಗೆ ಬಂದಿದೆ, ನೀನು ಯಾವುದೋ ಕೇಸಿಗೆ ಸೇಂಟ್ ಲೂಯಿಗೆ ಹೋಗಿದ್ದೀಯಂತೆ. ನಾನು ಬರುತ್ತೇನೆಂದೇ ಹೋದೆಯೇನೋ.

ಇಂದು ಬೆಳಗ್ಗೆ ಇಲ್ಲಿನ ಗುಮಾಸ್ತ ಜೆಪ್ಸನ್‌ನ ಹತ್ತಿರ ಒಂದು ಸಹಿಗೆ ಹೋಗಿದ್ದೆ. ಮುದುಕ ಕನ್ನಡಕದ ಮೇಲಿಂದ ನೋಡಿ ಕೇಳಿದ: "ಅಲ್ಲಾ, ಆ ಆಸಾಮಿ ನೀವೇನಾ? ಒಂದ್ ಓಟಿನ ಪೆಟಿಬೋನ್?"

"ಹೌದು."

"ಆ ಓಟು ಯಾರ್ದೂಂತ ಗೊತ್ತಾ?"

"ನಂದು. ಊರೆಲ್ಲ ಆಡ್ಕೋತಿದೆ, ನೀವೂ ಆಡ್ಕೊಳ್ಳಿ" ಎಂದೆ.

"ನಿಮ್ದೂ ಹೌದು ಬಿಡಿ. ಹಾಲ್ಕಮ್ದೂ ಹೌದಲ್ಲ!" ಎಂದ. "ಬಾಗ್ಲು ತೆಗೆಯೋದೇ ತಡ, ಮೊದಲ್ನೇ ಓಟೇ ಅವ್ರದು. 'ಎಜ್ರಾ ಪೆಟಿಬೋನ್!' ಅಂತ ಏನ್ ಕೂಗಿದ್ರು ಮಾರಾಯ್ರೇ! ಹೊರಗೆ ಕಟ್ಟಿದ್ ನನ್ ಕುದುರೆ ಬೆದರಿ ಹಗ್ಗ ಕಿತ್ಕೊಂಡು ಓಡ್ತು. ಊರವ್ರು, 'ಮೆಲ್ಲಗೆ ಹೇಳಿ ಸ್ವಾಮಿ, ನಿಮ್ ಮಾತು ಕೇಳಿ ನಾವೂ ಅವ್ರಿಗೇ ಹಾಕ್ಬಿಟ್ಟೇವು' ಅಂದ್ರು."

ಸಹಿ ಮಾಡಿಸುವುದನ್ನು ಮರೆತು ಹೊರಗೆ ಬಂದೆ. ಲೆಕ್ಕ ಮನಸ್ಸಿನಲ್ಲೇ ಆಯಿತು: ನಾನು ಮಾತಿನ ಹಾಗೆ ನಡೆದಿದ್ದರೆ ಅದೇ ಒಂದು ಓಟಿನಿಂದ ನೀನು ಗೆಲ್ಲುತ್ತಿದ್ದೆ.

ನಿನ್ನ ಓಟಿಲ್ಲದೆ ನಾನು ಗೆಲ್ಲುತ್ತಿರಲಿಲ್ಲ. ನನ್ನ ಸಣ್ಣತನವಿಲ್ಲದೆಯೂ ಗೆಲ್ಲುತ್ತಿರಲಿಲ್ಲ. ಕೆಜಾಯಾ ಓಟಿನ ದಿನವೇ ಕೇಳಿದ್ದಳು, "ಆರಿನ್ ಯಾರಿಗೆ ಹಾಕಿದ್ರಂತೆ?" ಎಂದು. "ತನಗೇ ಹಾಕ್ಕೊಂಡಿರ್ತಾನೆ" ಎಂದೆ. "'ಇರ್ತಾನೆ' ಅಂದ್ರೆ ನಿಮ್ಗೆ ಗೊತ್ತಿಲ್ಲ ಅಂತ ಆಯ್ತು" ಎಂದವಳೇ ಪಾತ್ರೆ ತೊಳೆಯಲು ಎದ್ದು ಹೋದಳು. ಅಂದಿನಿಂದ ನನ್ನ ಕೋಟನ್ನು ಅವಳು ಮುಟ್ಟಿಲ್ಲ. ನಾನೇ ಕೊಡವಿ ನಾನೇ ನೇತುಹಾಕುತ್ತೇನೆ.

ನೀನು ಯಾಕೆ ಬರೆಯಲಿಲ್ಲ? ಕಾಲುಚೀಲ ಎಂದು ಬರೆದೆ, ಮೂಡಣ ದಿಕ್ಕು ಎಂದು ಬರೆದೆ. ಇದೊಂದನ್ನು ಬರೆಯಲಿಲ್ಲ. ಈಗ ನೋಡು, ಸೋತವನನ್ನು ನಾಲ್ಕೂ ಕೌಂಟಿಯವರು ಕರೆದು ಊಟ ಹಾಕುತ್ತಾರೆ, ಗೆದ್ದವನನ್ನು ಕಂಡರೆ ಬಡಗಿ ಮಗ್ಸ್ ಎದ್ದು ನಿಂತು ತನಗೆ ತಾನೇ ನಮಸ್ಕಾರ ಮಾಡಿಕೊಳ್ಳುತ್ತಾನೆ. ಸೋಲನ್ನೂ ನೀನು ನನಗಿಂತ ಚೆನ್ನಾಗಿ ಸೋತೆ. ಈ ಸೋಲಿನ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿದೆ ಆರಿನ್, ನಾನೆಂಥವನು?

ಬೇಕಾದರೆ ಸ್ಥಾನ ಬಿಟ್ಟುಕೊಡುತ್ತೇನೆ.

ನಿನ್ನ ಮನೆಯ ಮುಂದೆ ಹಾದುಬಂದೆ. ಬೀಗ ಹಾಕಿತ್ತು, ಮೆಟ್ಟಿಲ ಮೇಲೆ ಹುಲ್ಲು ಬೆಳೆದಿತ್ತು. ಸೇಂಟ್ ಲೂಯಿಗೆ ಹೋಗಿ ಬಹಳ ದಿನವಾಯಿತೇ?

ಎಜ್ರಾ


ಹಾರ್ಟ್ಸ್ ಫೋರ್ಡ್
21 ಅಕ್ಟೋಬರ್ 1844

ಎಜ್ರಾ,

ಸೇಂಟ್ ಲೂಯಿಗೆ ಹೋದದ್ದು ಹತ್ತು ದಿನ. ಹುಲ್ಲು ನಾನು ಇಲ್ಲಿದ್ದಾಗಲೇ ಬೆಳೆದದ್ದು. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತೇನೆ. ಮುಂದಿನ ಕೋಣೆಯಲ್ಲಿ ಲೂಸಿಯ ಕುರ್ಚಿ ಇದೆ.

"ಸ್ಥಾನ ಬಿಟ್ಟುಕೊಡುತ್ತೇನೆ" ಎಂದು ಬರೆದಿದ್ದೀಯೆ. ಆ ಸಾಲಿನಲ್ಲಿ ನಿನ್ನ ಅಕ್ಷರ ಎಷ್ಟು ಸಣ್ಣದಾಗಿದೆ ಎಂದರೆ ದೀಪದ ಹತ್ತಿರ ಹಿಡಿದು ಓದಬೇಕಾಯಿತು. ಬಿಡಬೇಡ. ಗೆದ್ದವನು ನೀನು.

ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಬೇಡ ಮಾರಾಯ. ನಾನು ನಿನ್ನ ಹೆಸರು ಕೂಗಿದ್ದು ಗೆಲ್ಲುತ್ತೇನೆಂಬ ಧೈರ್ಯದಿಂದ. ಸೋಲುವ ಅಂಜಿಕೆಯಿದ್ದರೆ ಏನು ಕೂಗುತ್ತಿದ್ದೆನೋ ದೇವರೇ ಬಲ್ಲ. ನಿನಗೆ ಬರೆಯದೆ ಇದ್ದದ್ದು ಒಳ್ಳೆಯತನಕ್ಕಲ್ಲ. ಬೇರೆಯವರ ಬಾಯಿಂದ ಕೇಳಲಿ, ಚೆನ್ನಾಗಿ ನೋಯಲಿ ಎಂದು ಬರೆಯಲಿಲ್ಲ. ಜೆಪ್ಸನ್ ಬಾಯಿ ಬಿಡದೆ ಇರುವವನಲ್ಲ ಎಂದು ನನಗೆ ಗೊತ್ತಿತ್ತು. ನೋಯಿಸಿ ಖುಷಿಪಟ್ಟೆ. ಒಂದು ದಿನ ಇತ್ತು ಆ ಖುಷಿ.

ಹೊಟ್ಟೆಕಿಚ್ಚು ನಿನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೀಯೆ. ವಾಷಿಂಗ್ಟನ್ನಿನಲ್ಲಿ ನನಗೆ ಯಾಕೆ ಇಷ್ಟವಾಯಿತು ಗೊತ್ತೇ? ಅಲ್ಲಿ ಎಂಟು ಜನರೂ ಒಂಟಿ. ಊಟವಾದ ಮೇಲೆ ಯಾರಿಗೂ ಹೋಗಲು ಮನೆಯಿಲ್ಲ. ನಾನೊಬ್ಬನೇ ಎಂದು ಅಲ್ಲಿ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ನಾನು ಜ್ಯೂರಿಯನ್ನು ನಗಿಸಿ ಬಂದೆ, ನೀನು ಸಪ್ಪಗೆ ಮನೆಗೆ ಹೋದೆ. ನಿನ್ನ ಮನೆಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಅಂದು ಊಟದ ಮೇಜಿನಲ್ಲಿ ನೀನು ಎದ್ದು ಹೋದಾಗ ಕೆಜಾಯಾ ಬಾಗಿಲ ಕಡೆ ನೋಡುತ್ತಿದ್ದಳು ಎಂದು ಬರೆದಿದ್ದೆ. ನೀನು ಅದನ್ನು ಓದಲೇ ಇಲ್ಲ. ನನ್ನ ಕಥೆಗೆ ಅವಳು ನಗುತ್ತಾಳೆ ಕಣೋ, ಕಾಯುವುದು ನಿನ್ನನ್ನು. ನನ್ನ ಕಡೆಗೆ ಹಾಗೆ ನೋಡುವವರು ಯಾರಾದರೂ ಇದ್ದರೆ ನಾಲ್ಕೂ ಕೌಂಟಿಯನ್ನು ನಿನಗೇ ಬಿಟ್ಟುಬಿಡುತ್ತಿದ್ದೆ.

ಮೆಟ್ಟಿಲ ಹುಲ್ಲು ಇವತ್ತು ಕಿತ್ತೆ.

ಆರಿನ್


ವಾಷಿಂಗ್ಟನ್
2 ಡಿಸೆಂಬರ್ 1845

ಪ್ರೀತಿಯ ಆರಿನ್,

ಬಂದು ಸೇರಿದೆ. ಗೆದ್ದವನು ಹೊಸ ಸಭೆ ಕೂಡಲು ವರ್ಷಕ್ಕೂ ಮೇಲೆ ಕಾಯಬೇಕಲ್ಲ, ಆ ಕಾಯುವ ಕಾಲದಲ್ಲಿ ನಿನಗೆ ಎಷ್ಟು ಸಲ ಬರೆಯಲು ಕೂತೆನೋ, ಅಷ್ಟು ಸಲ ನಾಚಿಕೆಯಾಗಿ ಎದ್ದೆ. ಈಗ ಬರೆಯಲೇಬೇಕಾದ ಕೆಲಸ ಮಾಡಿಕೊಂಡಿದ್ದೇನೆ.

ಮೂಡಣ ದಿಕ್ಕಿನ ಕೋಣೆ ಸಿಕ್ಕಿದೆ. ಶ್ರೀಮತಿ ಪೂಲ್ ಬಾಗಿಲಲ್ಲೇ, "ಹಾಲ್ಕಮ್ ಅವ್ರ ಊರಿನೋರಾ? ಅಯ್ಯೋ, ಅವ್ರಿದ್ರೆ ಮನೆ ಮನೆಯಾಗಿರ್ತಿತ್ತು! ನೀವೂ ಕಥೆ ಹೇಳ್ತೀರಾ?" ಎಂದು ಕೇಳಿದಳು. ಇಲ್ಲ ಎಂದೆ. ಮುಖ ಬಾಡಿಸಿಕೊಂಡು ಬೀಗದ ಕೈ ಕೊಟ್ಟಳು. ಗ್ರೇವಿ ನೀನು ಬರೆದಷ್ಟು ತಣ್ಣಗಿಲ್ಲ, ಅದಕ್ಕಿಂತ ತಣ್ಣಗಿದೆ. ಕಂಬದ ಹಿಂದಿನ ಕುರ್ಚಿಯೇ ಸಿಕ್ಕಿತು.

ನಿನ್ನೆ ಸಭೆ ಕೂಡಿತು. ಸಭಾಧ್ಯಕ್ಷನ ಆಯ್ಕೆ. ಯಾರ ಹೆಸರು ಕೂಗಬೇಕೆಂದು ಪಕ್ಷದವರು ಬೆಳಗ್ಗೆಯೇ ಹೇಳಿ, ಮರೆತೀಯೆ ಎಂದು ಮತ್ತೊಮ್ಮೆ ಬಂದು ಹೇಳಿಹೋಗಿದ್ದರು. ಗುಮಾಸ್ತ ಒಂದೊಂದೇ ಹೆಸರು ಕರೆಯುತ್ತ ಬಂದ. "ಪೆಟಿಬೋನ್" ಎಂದ.

ಎದ್ದು ನಿಂತೆ. ಮೇಜು, ಗುಮಾಸ್ತ, ಎತ್ತಿದ ಲೇಖನಿ, ಎಲ್ಲ ನಮ್ಮ ಕೋರ್ಟಿನಂತೆಯೇ ಇತ್ತು. ಮಗ್ಸ್ ಗೋಡೆಗೆ ಒರಗಿ ನಿಂತಿದ್ದಾನೆ ಎಂದೇ ಅನ್ನಿಸಿತು. ನನ್ನ ಗಂಟಲು ಕಟ್ಟಲಿಲ್ಲ. ಕುದುರೆ ಬೆದರುವಷ್ಟು ಗಟ್ಟಿಯಾಗಿ ಕೂಗಿದೆ: "ಆರಿನ್ ಹಾಲ್ಕಮ್!"

ಗುಮಾಸ್ತ ಕೇಳಿದ, "ಯಾರು ಅಂದ್ರಿ ಸ್ವಾಮಿ?"

"ಆರಿನ್ ಹಾಲ್ಕಮ್. ಹಾರ್ಟ್ಸ್ ಫೋರ್ಡ್, ಇಲಿನಾಯ್" ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಸಭೆಯೆಲ್ಲ ನಕ್ಕಿತು. ಪಕ್ಕದವನು ನನ್ನ ಕೋಟು ಹಿಡಿದು ಜಗ್ಗಿ, "ಏನ್ರೀ, ತಲೆ ಕೆಟ್ಟಿದ್ಯಾ? ಯಾರ್ರೀ ಅವನು?" ಎಂದ. "ನಂಗಿಂತ ಒಂದ್ ಓಟು ಕಡಿಮೆ ಬಂದೋನು" ಎಂದೆ. ಪಕ್ಷದವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾರೆ. ಮೊದಲ ದಿನವೇ ಓಟು ಹಾಳು ಮಾಡಿದವನಿಗೆ ಒಳ್ಳೆಯ ಸಮಿತಿ ಒಂದೂ ಸಿಗುವುದಿಲ್ಲವಂತೆ. ಇವತ್ತಿನ ಪತ್ರಿಕೆಯಲ್ಲಿ ಗೆದ್ದವನ ಹೆಸರು, ಸೋತವನ ಹೆಸರು, ಎಲ್ಲಕ್ಕಿಂತ ಕೆಳಗೆ ನಿನ್ನ ಹೆಸರು ಅಚ್ಚಾಗಿದೆ. ಮುಂದೆ ಒಂದು ಎಂದು ಹಾಕಿದ್ದಾರೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ.

ಕೆಜಾಯಾಗೂ ಎಲ್ಲ ಬರೆದಿದ್ದೇನೆ. ಈ ಕಾಗದಕ್ಕೆ ಅವಳು ನಗಬಹುದು. ಭಾನುವಾರಗಳಲ್ಲಿ ಅವಳು ನಿನ್ನನ್ನು ಊಟಕ್ಕೆ ಕರೆಯುತ್ತಾಳೆ, ಹೋಗು. ಗ್ರೇವಿಯ ಕಥೆ ಹೇಳು. ನನಗೆ ಇಲ್ಲಿ ಕೂತು ಹೊಟ್ಟೆ ಉರಿಯುತ್ತದೆ, ಉರಿಯಲಿ, ಅದನ್ನು ನೋಡಿಕೊಂಡು ನೀನು ಊಟ ಬಿಡಬೇಡ.

ಮುಂದಿನ ಆಗಸ್ಟಿಗೆ ಸರದಿ ನಿನ್ನದು. ಕಪ್ಪು ಕೋಟನ್ನು ನಿನಗೇ ತಂದುಕೊಡುತ್ತೇನೆ, ಭುಜದ ಹತ್ತಿರ ಬಿಗಿಯಾಗುತ್ತದೆ, ಹಿಬ್ಸ್ ಬಿಚ್ಚಿ ಹೊಲಿಯಲಿ.

ನನಗೆ ಒಂದೇ ಒಂದು ಸಂಕಟ. ಇಡೀ ಬಾಳು ಈ ಸಭೆಯಲ್ಲಿ ಎದ್ದು ನಿಂತು ಮಾತಾಡಬೇಕೆಂದು ಆಸೆಪಟ್ಟವನು ನಾನು. ಕೊನೆಗೂ ಎದ್ದು ನಿಂತಾಗ ನನ್ನ ಬಾಯಿಂದ ಬಂದ ಮೊದಲ ಮಾತೂ ನಿನ್ನ ಹೆಸರೇ ಆಯಿತು ನೋಡು.

ನಿನ್ನ
ಎಜ್ರಾ